ಪಾಚಿಯೋ ಅರಳಿ ಸಸಿಯೋ: ಶ್ವಾಸಕೋಶದ ಎಳೆಯ ಕ್ಯಾನ್ಸರನ್ನು ಸಿಟಿಯಲ್ಲಿ ಓದುವ ಬಗೆ

2021ರ ಏಪ್ರಿಲ್, ಮೇ ತಿಂಗಳಲ್ಲಿ ಫೋನ್ ಎತ್ತಿದರೆ ಮೊದಲು ಬರುತ್ತಿದ್ದ ಪ್ರಶ್ನೆ ‘ಸಿಟಿ ಸ್ಕೋರ್ ಎಷ್ಟು ಬಂತು?’ ಎಂಬುದು. 25ಕ್ಕೆ 6 ಎಂದರೆ ಮನೆಯವರಿಗೆ ಹೋದ ಜೀವ ಬಂದ ಹಾಗಾಗುತ್ತಿತ್ತು. 18 ಎಂದರೆ ಆಕ್ಸಿಜನ್ ಬೆಡ್ ಹುಡುಕಿಕೊಂಡು ಓಡಬೇಕಿತ್ತು. ಆ ವರದಿಗಳಲ್ಲಿ ಸಾಮಾನ್ಯರ ಕಣ್ಣಿಗೂ ಬಿದ್ದ ಒಂದು ಪದ ‘ಗ್ರೌಂಡ್ ಗ್ಲಾಸ್ ಒಪಾಸಿಟಿ’. ಬಚ್ಚಲುಮನೆಯ ಕಿಟಕಿಗೆ ಹಾಕುವ ಮಸುಕು ಗಾಜಿನ ಹಾಗೆ ಕಾಣುವ ನೆರಳು ಎಂದು ಅದರ ಅರ್ಥ. ಕೋವಿಡ್ ತಂದ ಮಸುಕು ಹೆಚ್ಚಿನವರಲ್ಲಿ ವಾರಗಳಲ್ಲಿ ಇಲ್ಲವೇ ತಿಂಗಳುಗಳಲ್ಲಿ ಕರಗಿತು. ಆದರೆ ಸ್ಕ್ಯಾನ್ ಎಂದರೆ ಹುಡುಕಿದ್ದನ್ನು ಮಾತ್ರ ತೋರಿಸುವ ಯಂತ್ರವಲ್ಲ. ಅಷ್ಟೊಂದು ಎದೆಗಳನ್ನು ಒಮ್ಮೆಗೇ ಸ್ಕ್ಯಾನ್ ಮಾಡಿದಾಗ, ಕೋವಿಡ್‌ಗೆ ಸಂಬಂಧವೇ ಇಲ್ಲದ ಪುಟ್ಟ ಗಂಟುಗಳೂ ಕೆಲವರ ಶ್ವಾಸಕೋಶದಲ್ಲಿ ಕಂಡವು.

ಮೂರು ತಿಂಗಳಾದರೂ ಕರಗದೆ ಒಂದೇ ಜಾಗದಲ್ಲಿ ನಿಂತ ಮಸುಕು ಗಂಟು, ಅಡಿನೋಕಾರ್ಸಿನೋಮಾ ಎಂಬ ಬಗೆಯ ಶ್ವಾಸಕೋಶದ ಕ್ಯಾನ್ಸರಿನ ಎಳೆಯ ರೂಪ ಇರಬಹುದು. ಸಿಗರೇಟು ಮುಟ್ಟದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇದೇ. ಮನೆಯವರು ‘ಕ್ಯಾನ್ಸರ್ ಹೌದೋ ಅಲ್ಲವೋ, ಅದೊಂದು ಹೇಳಿಬಿಡಿ ಡಾಕ್ಟ್ರೇ’ ಎನ್ನುತ್ತಾರೆ. ಡಾಕ್ಟರ ತಲೆಯಲ್ಲಿ ಓಡುತ್ತಿರುವುದು ಬೇರೆ ಪ್ರಶ್ನೆ: ಇದು ಬೇರು ಬಿಟ್ಟಿದೆಯೇ, ಇನ್ನೂ ಇಲ್ಲವೇ? ಈ ಪ್ರಶ್ನೆಗೆ ಗಂಟನ್ನು ಕತ್ತರಿಸದೆ, ಸೂಜಿಯನ್ನೂ ಚುಚ್ಚದೆ, ಬರೀ ಸಿಟಿ ಚಿತ್ರದ ಲೆಕ್ಕಾಚಾರದಿಂದ ಉತ್ತರ ಹೇಳುತ್ತೇವೆ ಎಂಬ ಕಂಪ್ಯೂಟರ್ ಮಾದರಿಗಳು ಕಳೆದ ಹತ್ತು ವರ್ಷಗಳಲ್ಲಿ ರಾಶಿ ರಾಶಿಯಾಗಿ ಬಂದಿವೆ. ಹೆಚ್ಚಿನವು ಚೀನಾ, ಜಪಾನ್, ಕೊರಿಯಾಗಳಿಂದ. ಅವುಗಳಲ್ಲಿ ನಿಜವಾದ ಸತ್ವವಿದೆ. ಆದರೆ ರೋಗಿಯ ಎದೆಯಿಂದ ಎಷ್ಟು ತೆಗೆಯಬೇಕು, ಎಷ್ಟು ಉಳಿಸಬೇಕು ಎಂಬುದನ್ನು ಇಂದಿನವರೆಗೆ ಬದಲಿಸಿದ್ದು ಆ ಮಾದರಿಗಳಲ್ಲ, ಸ್ಕೇಲು ಹಿಡಿದು ಅಳೆಯಬಹುದಾದ ಒಂದು ಸರಳ ಭಾಗಾಕಾರ. ಆ ಭಾಗಾಕಾರಕ್ಕೆ ಇಷ್ಟು ಬಲ ಹೇಗೆ ಬಂತು ಎಂದು ನೋಡಿದರೆ, ಹೊಸ ಸಾಫ್ಟ್‌ವೇರ್‌ಗಳನ್ನು ಯಾವ ತಕ್ಕಡಿಯಲ್ಲಿ ತೂಗಬೇಕು ಎಂಬುದೂ ಗೊತ್ತಾಗುತ್ತದೆ.

ಹಳೆಯ ಮನೆಯ ಗೋಡೆಯೊಂದನ್ನು ನೆನೆಸಿಕೊಳ್ಳಿ. ಮಳೆಗಾಲದಲ್ಲಿ ಅದರ ಮೈಮೇಲೆ ಪಾಚಿ ಹಬ್ಬುತ್ತದೆ. ಬಣ್ಣ ಹಸಿರಾಗುತ್ತದೆ, ಗೋಡೆ ಮಾತ್ರ ಗೋಡೆಯಾಗಿಯೇ ನಿಂತಿರುತ್ತದೆ. ಅದೇ ಗೋಡೆಯ ಸಂದಿಯಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ಅರಳಿ ಸಸಿ ಹುಟ್ಟಿತು ಎನ್ನಿ. ಮೇಲೆ ಕಾಣುವುದು ಎರಡೇ ಎಲೆ, ಆದರೆ ಬೇರು ಇಟ್ಟಿಗೆಗಳ ನಡುವೆ ಇಳಿದು ಗೋಡೆಯನ್ನೇ ಸೀಳಲು ತೊಡಗಿರುತ್ತದೆ. ಶ್ವಾಸಕೋಶದ ಒಳಗೆ ಕೋಟ್ಯಂತರ ಪುಟ್ಟ ಗಾಳಿಗೂಡುಗಳಿವೆ. ಎಳೆಯ ಅಡಿನೋಕಾರ್ಸಿನೋಮಾದ ಕೋಶಗಳು ಮೊದಲು ಈ ಗೂಡುಗಳ ಗೋಡೆಯ ಮೇಲೆ ಪಾಚಿಯಂತೆ ಸಾಲಾಗಿ ಹರಡುತ್ತವೆ. ಗೂಡಿನೊಳಗೆ ಗಾಳಿ ಇನ್ನೂ ಆಡುತ್ತಿರುತ್ತದೆ. ಎಕ್ಸ್‌ರೇ ಕಿರಣಕ್ಕೆ ಅರ್ಧ ಗಾಳಿ, ಅರ್ಧ ಕೋಶ ಎದುರಾಗುವುದರಿಂದ ಚಿತ್ರದಲ್ಲಿ ಪೂರ್ತಿ ಬಿಳಿ ಮೂಡದೆ ಮಸುಕು ಮಾತ್ರ ಮೂಡುತ್ತದೆ, ಅದರ ಹಿಂದಿನ ರಕ್ತನಾಳಗಳೂ ಕಾಣುತ್ತವೆ. ಕೋಶಗಳು ಗೋಡೆಯನ್ನು ದಾಟಿ ಒಳಗಿನ ಅಂಗಾಂಶಕ್ಕೆ ನುಗ್ಗಿದಾಗ ಅಲ್ಲಿ ನಾರು ಬೆಳೆಯುತ್ತದೆ, ಗೂಡುಗಳು ಕುಸಿಯುತ್ತವೆ, ಗಾಳಿಗೆ ಜಾಗ ಉಳಿಯುವುದಿಲ್ಲ. ಸಿಟಿಯಲ್ಲಿ ಆ ಭಾಗ ಗಟ್ಟಿ ಬಿಳಿಯಾಗಿ ಕಾಣುತ್ತದೆ. ಮಸುಕಿನ ನಡುವೆ ಗಟ್ಟಿ ಚುಕ್ಕೆ ಹುಟ್ಟಿತೆಂದರೆ ರೇಡಿಯಾಲಜಿಸ್ಟ್ ಹುಬ್ಬೇರಿಸುವುದು ಇದಕ್ಕೇ.

ಈ ಬಿಳಿ, ಮಸುಕುಗಳೆಲ್ಲ ಮೂಲದಲ್ಲಿ ಅಂಕಿಗಳು. ಸಿಟಿ ಯಂತ್ರವನ್ನು ಕಂಡುಹಿಡಿದ ಇಂಗ್ಲೆಂಡಿನ ಇಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ತಲೆಯನ್ನು ಸ್ಕ್ಯಾನ್ ಮಾಡಿದರು. 1979ರಲ್ಲಿ ಅಲನ್ ಕಾರ್ಮಾಕ್ ಜೊತೆ ಅವರಿಗೆ ನೊಬೆಲ್ ಬಂತು. ಅವರ ಹೆಸರಿನ ಅಳತೆಯಲ್ಲಿ ನೀರು 0, ಗಾಳಿ ಮೈನಸ್ 1000. ಆರೋಗ್ಯವಂತ ಶ್ವಾಸಕೋಶ ಹೆಚ್ಚು ಕಡಿಮೆ ಮೈನಸ್ 850ರ ಸುತ್ತ ಇರುತ್ತದೆ. ಮಸುಕು ಗಂಟು ಅದಕ್ಕಿಂತ ಮೇಲೆ, ಗಟ್ಟಿ ಭಾಗ ಸೊನ್ನೆಯ ಹತ್ತಿರ. ಹೀಗಾಗಿ ಸಿಟಿ ಚಿತ್ರವೆಂದರೆ ಸಾವಿರಾರು ಅಂಕಿಗಳನ್ನು ತುಂಬಿದ ಚೌಕಗಳ ಮನೆ. ಕಣ್ಣು ಅದರ ಸ್ವಲ್ಪ ಭಾಗವನ್ನಷ್ಟೇ ಓದುತ್ತದೆ, ಉಳಿದದ್ದನ್ನು ಕಂಪ್ಯೂಟರ್ ಓದಲಿ ಎಂಬುದು ಈ ಇಡೀ ಕ್ಷೇತ್ರದ ಬಂಡವಾಳ.

‘ಬೇರು’ ಎಂಬುದಕ್ಕೆ ಪೆಥಾಲಜಿಯಲ್ಲಿ, ಅಂದರೆ ಕತ್ತರಿಸಿ ತೆಗೆದ ತುಂಡನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ವಿದ್ಯೆಯಲ್ಲಿ, ಅಳತೆಯಿದೆ. 2011ರಲ್ಲಿ ಮೂರು ಅಂತರರಾಷ್ಟ್ರೀಯ ವೈದ್ಯ ಸಂಘಟನೆಗಳು ಸೇರಿ ಮಾಡಿದ ವರ್ಗೀಕರಣದ ಪ್ರಕಾರ, 3 ಸೆಂಟಿಮೀಟರಿಗಿಂತ ದೊಡ್ಡದಲ್ಲದ, ಪೂರ್ತಿ ಪಾಚಿಯಂತೆ ಗೋಡೆಗೇ ಅಂಟಿಕೊಂಡ ಗಡ್ಡೆ ‘ಇನ್ ಸಿಟು’. ಅಷ್ಟೇ ಗಾತ್ರದ ಗಡ್ಡೆಯಲ್ಲಿ ಒಳನುಗ್ಗಿದ ಭಾಗ 5 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ‘ಮಿನಿಮಲಿ ಇನ್ವೇಸಿವ್’. ಅದನ್ನು ದಾಟಿದರೆ ‘ಇನ್ವೇಸಿವ್’. ಮೊದಲ ಎರಡನ್ನು ಪೂರ್ತಿ ತೆಗೆದರೆ ಅದೇ ಕ್ಯಾನ್ಸರ್ ಮರಳಿ ಜೀವ ತೆಗೆಯುವುದು ಇಲ್ಲವೆನ್ನುವಷ್ಟು ಅಪರೂಪ. 2021ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ‘ಇನ್ ಸಿಟು’ ಹಂತವನ್ನು ಕ್ಯಾನ್ಸರಿನ ಸಾಲಿನಿಂದ ತೆಗೆದು ಕ್ಯಾನ್ಸರ್‌ಪೂರ್ವ ಸ್ಥಿತಿಗಳ ಸಾಲಿಗೆ ಸೇರಿಸಿತು. ಆ ಒಂದು ಹೆಸರಿನ ಬದಲಾವಣೆಯಿಂದ ಎಷ್ಟು ಮನೆಗಳ ನಿದ್ದೆ ಉಳಿದೀತು ಎಂದು ಯೋಚಿಸಿದರೆ, ವರ್ಗೀಕರಣ ಎಂಬುದು ಒಣ ಕೆಲಸವಲ್ಲ ಅನಿಸುತ್ತದೆ.

ಇಷ್ಟೆಲ್ಲ ಅಳೆಯುವುದರಿಂದ ರೋಗಿಗೆ ಏನು ಲಾಭ? ಇದಕ್ಕೆ ಉತ್ತರ ಆಪರೇಷನ್ ಥಿಯೇಟರಿನಲ್ಲಿದೆ. ನಮ್ಮ ಬಲ ಶ್ವಾಸಕೋಶಕ್ಕೆ ಮೂರು, ಎಡಕ್ಕೆ ಎರಡು ಹಾಲೆಗಳು. ಗಡ್ಡೆ ಎಷ್ಟೇ ಚಿಕ್ಕದಿರಲಿ, ಅದಿರುವ ಇಡೀ ಹಾಲೆಯನ್ನು ತೆಗೆಯುವುದು ದಶಕಗಳ ಕಾಲ ನಡೆದುಬಂದ ರೂಢಿ. ಅದಕ್ಕೆ ಆಧಾರ 1995ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ಪ್ರಯೋಗ: 247 ರೋಗಿಗಳಲ್ಲಿ, ಹಾಲೆಯ ತುಂಡನ್ನಷ್ಟೇ ತೆಗೆದವರಲ್ಲಿ ಅದೇ ಜಾಗದಲ್ಲಿ ಕ್ಯಾನ್ಸರ್ ಮರಳಿದ್ದು ಸುಮಾರು ಮೂರು ಪಟ್ಟು. ಆದರೆ ಆ ರೋಗಿಗಳು ತೆಳುಸ್ಲೈಸ್ ಸಿಟಿಗೆ, ಅಂದರೆ ಎದೆಯನ್ನು ತೆಳ್ಳನೆಯ ಪದರ ಪದರವಾಗಿ ತೋರಿಸುವ ಸ್ಕ್ಯಾನಿಗೆ, ಹಿಂದಿನ ಕಾಲದವರು. ಅವರ ಗಡ್ಡೆಗಳಲ್ಲಿ ಪಾಚಿ ಯಾವುದು, ಅರಳಿ ಯಾವುದು ಎಂದು ಬೇರ್ಪಡಿಸುವ ಕಣ್ಣು ಆಗ ಇರಲಿಲ್ಲ.

ಜಪಾನಿನ ಕ್ಲಿನಿಕಲ್ ಆಂಕಾಲಜಿ ಗ್ರೂಪ್, ಅಂದರೆ ಜೆಸಿಒಜಿ, ಇಲ್ಲಿಂದ ಕೆಲಸ ಎತ್ತಿಕೊಂಡಿತು. 2002ರ ಕೊನೆಯಲ್ಲಿ ಶುರುವಾದ 0201 ಸಂಖ್ಯೆಯ ಅಧ್ಯಯನದಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ: ತೆಳುಸ್ಲೈಸ್ ಸಿಟಿಯಲ್ಲಿ ಗಟ್ಟಿ ಭಾಗದ ಅಗಲವನ್ನು ಇಡೀ ಗಂಟಿನ ಅಗಲದಿಂದ ಭಾಗಿಸಿದರೆ ಬರುವ ಅಂಕಿಯಿಂದ, ಗಡ್ಡೆ ಬೇರು ಬಿಟ್ಟಿಲ್ಲ ಎಂದು ಆಪರೇಷನ್‌ಗೆ ಮೊದಲೇ ಹೇಳಬಹುದೇ? 811 ರೋಗಿಗಳು ಸೇರಿದರು, 545 ಜನರ ಮಾಹಿತಿ ಲೆಕ್ಕಕ್ಕೆ ಬಂತು. ಮೊದಲು ಇಟ್ಟುಕೊಂಡ 0.5ರ ಗೆರೆ ಅವರೇ ನಿಗದಿ ಮಾಡಿಕೊಂಡ ಕಟ್ಟುನಿಟ್ಟನ್ನು ಮುಟ್ಟಲಿಲ್ಲ. 2 ಸೆಂ.ಮೀ. ಒಳಗಿನ ಗಂಟುಗಳಲ್ಲಿ 0.25ರ ಗೆರೆ ಎಳೆದಾಗ ಮಾತ್ರ ಭರವಸೆ ಹುಟ್ಟಿತು. ನಿಜವಾಗಿ ಬೇರು ಬಿಟ್ಟ ಗಡ್ಡೆಗಳಲ್ಲಿ 98.7 ಶೇಕಡಾ ಈ ಗೆರೆಯ ಆಚೆಯೇ ಉಳಿದವು. ಅದಕ್ಕೆ ತೆತ್ತ ಬೆಲೆಯೂ ಇತ್ತು. ಬೇರು ಬಿಡದ ಗಡ್ಡೆಗಳಲ್ಲಿ ಈ ಗೆರೆಯೊಳಗೆ ಬಂದದ್ದು ಆರರಲ್ಲಿ ಒಂದು ಮಾತ್ರ. ಅವರು ಬೇಕೆಂದೇ ಸಣ್ಣ ಜಾಲರಿಯ ಜರಡಿ ಹಿಡಿದಿದ್ದರು. ತಪ್ಪಿ ಕಡಿಮೆ ಕತ್ತರಿಸುವುದಕ್ಕಿಂತ, ಖಾತ್ರಿ ಇರುವಲ್ಲಿ ಮಾತ್ರ ಕಡಿಮೆ ಕತ್ತರಿಸೋಣ ಎಂಬುದು ಲೆಕ್ಕ.

ಅಲ್ಲಿಗೆ ನಿಲ್ಲಿಸಿದ್ದರೆ ಅದು ಇನ್ನೊಂದು ಪ್ರಬಂಧವಾಗಿ ಕಪಾಟು ಸೇರುತ್ತಿತ್ತು. ನಿಲ್ಲಿಸಲಿಲ್ಲ. 0804 ಸಂಖ್ಯೆಯ ಮುಂದಿನ ಪ್ರಯೋಗದಲ್ಲಿ ಆ ಗೆರೆಯೊಳಗಿನ ರೋಗಿಗಳಿಗೆ ಹಾಲೆ ಉಳಿಸಿ, ಗಂಟಿರುವ ತುಂಡನ್ನಷ್ಟೇ ತೆಗೆದರು. ಐದು ವರ್ಷಗಳ ಬಳಿಕ ಕ್ಯಾನ್ಸರ್ ಮರಳದೆ ಬದುಕಿದ್ದವರು 99.7 ಶೇಕಡಾ. ಕತ್ತರಿಸಿದ ಜಾಗದಲ್ಲಿ ಒಬ್ಬರಿಗೂ ಮರಳಲಿಲ್ಲ. ಇನ್ನೊಂದೆಡೆ 0802ರಲ್ಲಿ, ಗಟ್ಟಿ ಭಾಗವೇ ಹೆಚ್ಚಿರುವ 2 ಸೆಂ.ಮೀ. ಒಳಗಿನ ಗಡ್ಡೆಗಳಿದ್ದ 1106 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಇಡೀ ಹಾಲೆ, ಇನ್ನೊಂದಕ್ಕೆ ಹಾಲೆಯ ಒಂದು ಖಂಡ ಮಾತ್ರ ತೆಗೆದರು. 2022ರಲ್ಲಿ ಪ್ರಕಟವಾದ ಫಲಿತಾಂಶ ಸರ್ಜನ್‌ಗಳನ್ನೇ ಬೆರಗುಗೊಳಿಸಿತು: ಐದು ವರ್ಷ ಬದುಕಿದವರು ಖಂಡ ತೆಗೆದವರಲ್ಲಿ 94.3 ಶೇಕಡಾ, ಹಾಲೆ ತೆಗೆದವರಲ್ಲಿ 91.1 ಶೇಕಡಾ. ಅದೇ ಜಾಗದಲ್ಲಿ ಕ್ಯಾನ್ಸರ್ ಮರಳಿದ್ದು ಖಂಡದ ಗುಂಪಿನಲ್ಲೇ ಹೆಚ್ಚು, ಅಲ್ಲಿ 10.5 ಶೇಕಡಾ, ಹಾಲೆಯ ಗುಂಪಿನಲ್ಲಿ 5.4 ಶೇಕಡಾ. ಆದರೂ ಒಟ್ಟಾರೆ ಬದುಕಿದವರು ಅಲ್ಲೇ ಹೆಚ್ಚು. ಉಳಿಸಿದ ಶ್ವಾಸಕೋಶಕ್ಕೆ ಮುಂದಿನ ಕಾಯಿಲೆಗಳನ್ನು, ಮುಂದಿನ ಚಿಕಿತ್ಸೆಗಳನ್ನು ತಾಳುವ ಶಕ್ತಿ ಇರುತ್ತದೆ ಎಂಬುದು ಅದಕ್ಕೆ ಕೊಡುವ ಒಂದು ವಿವರಣೆ. 3 ಸೆಂ.ಮೀ. ವರೆಗಿನ, ಮಸುಕೇ ಹೆಚ್ಚಿರುವ ಗಂಟುಗಳ ಮೇಲೆ 1211 ಎಂಬ ಪ್ರಯೋಗವೂ ನಡೆಯಿತು. ಖಂಡ ತೆಗೆದವರಲ್ಲಿ ಐದು ವರ್ಷ ರೋಗ ಮರಳದವರು 98 ಶೇಕಡಾ. 2002ರಿಂದ 2023ರವರೆಗೆ ಎರಡು ದಶಕ, ನಾಲ್ಕು ಪ್ರಯೋಗ, ಒಂದೇ ಭಾಗಾಕಾರ. ಈ ತಾಳ್ಮೆಯ ಬಗ್ಗೆ ನನಗೆ ಅಪಾರ ಗೌರವವಿದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. 0201ರಲ್ಲಿ ‘ಬೇರು ಬಿಟ್ಟಿದೆ’ ಎಂದರೆ ದುಗ್ಧಗ್ರಂಥಿಗೆ (ಲಿಂಫ್ ನೋಡ್), ರಕ್ತನಾಳಕ್ಕೆ ಅಥವಾ ದುಗ್ಧನಾಳಕ್ಕೆ ಕ್ಯಾನ್ಸರ್ ಹೊಕ್ಕಿದೆ ಎಂದರ್ಥ. ಇಂದಿನ ಬಹುಪಾಲು ಕಂಪ್ಯೂಟರ್ ಮಾದರಿಗಳಲ್ಲಿ ಅದೇ ಪದಕ್ಕೆ 5 ಮಿಲಿಮೀಟರಿನ ಅಂಗಾಂಶದ ಅಳತೆ. ಪದ ಒಂದೇ, ತೂಕ ಬೇರೆ. ಹಾಗಾಗಿ ‘ನಮ್ಮ ಸಾಫ್ಟ್‌ವೇರ್ 90 ಶೇಕಡಾ ನಿಖರ’ ಎಂಬ ಮಾತು ಕೇಳಿದಾಗ, ಯಾವ ಬೇರಿನ ಮಾತು ಎಂದು ಮೊದಲು ಕೇಳಬೇಕು.

ಭಾಗಾಕಾರಕ್ಕೂ ಮಿತಿಯಿದೆ, ಅದು ದೊಡ್ಡದೇ. 16 ಮಿ.ಮೀ. ಗಂಟಿನಲ್ಲಿ ಗಟ್ಟಿ ಭಾಗ 4 ಮಿ.ಮೀ. ಇದ್ದರೆ 0.25, ಗೆರೆಯೊಳಗೆ. ಅದನ್ನೇ ಇನ್ನೊಬ್ಬರು 6 ಮಿ.ಮೀ. ಎಂದು ಓದಿದರೆ 0.375, ಗೆರೆಯಾಚೆ. ಗಂಟುಗಳ ಮೇಲೆ ಕಣ್ಣಿಡುವ ಬಗ್ಗೆ ಮಾರ್ಗಸೂಚಿ ಕೊಡುವ ಫ್ಲೈಷ್ನರ್ ಸೊಸೈಟಿ, 2 ಮಿಲಿಮೀಟರಿಗಿಂತ ಕಡಿಮೆ ವ್ಯತ್ಯಾಸವನ್ನು ಬೆಳವಣಿಗೆ ಎಂದು ಲೆಕ್ಕ ಹಿಡಿಯುವುದಿಲ್ಲ, ಕೈಯಳತೆಯ ಏರುಪೇರೇ ಅಷ್ಟಿರುತ್ತದೆ. ಪರದೆಯ ಮೇಲಿನ ಕಾಂತಿ ಬದಲಿಸಿದರೂ ಗಟ್ಟಿ ಭಾಗದ ಅಂಚು ಹಿಗ್ಗಿ ಕುಗ್ಗುತ್ತದೆ. ಗಟ್ಟಿಯಾಗಿ ಕಂಡದ್ದೆಲ್ಲ ಬೇರೂ ಅಲ್ಲ. ಕುಸಿದ ಗಾಳಿಗೂಡು, ಹಳೆಯ ಗಾಯದ ನಾರು, ಗಂಟಿನ ಮೂಲಕ ಹಾದುಹೋಗುವ ರಕ್ತನಾಳ ಇವೂ ಬಿಳಿಯಾಗಿಯೇ ಕಾಣುತ್ತವೆ. ಪೂರ್ತಿ ಮಸುಕಾಗಿ ಕಂಡ ಗಂಟಿನೊಳಗೂ ಕೆಲವೊಮ್ಮೆ ಬೇರು ಅಡಗಿರುತ್ತದೆ. ಕಂಪ್ಯೂಟರ್ ವಿಶ್ಲೇಷಣೆಗೆ ಜಾಗ ತೆರೆಯುವುದು ಇಲ್ಲಿಯೇ.

ರೇಡಿಯೋಮಿಕ್ಸ್ ಎಂದು ಕರೆಯುವ ಈ ವಿದ್ಯೆಯ ಕ್ರಮ ಹೀಗೆ. ಗಂಟಿನ ಅಂಚನ್ನು ಮೂರು ಆಯಾಮದಲ್ಲಿ ಗುರುತಿಸಿ, ಒಳಗಿನ ಪ್ರತಿ ಚುಕ್ಕೆಯ ಹೌನ್ಸ್‌ಫೀಲ್ಡ್ ಅಂಕಿಯನ್ನು ತೆಗೆದುಕೊಳ್ಳುತ್ತಾರೆ. ಸರಾಸರಿ ಎಷ್ಟು, ಹರವು ಎಷ್ಟು, ಅಕ್ಕಪಕ್ಕದ ಚುಕ್ಕೆಗಳ ಅಂಕಿ ಒಂದಕ್ಕೊಂದು ಎಷ್ಟು ಹೊಂದುತ್ತದೆ, ಮೈ ದುಂಡಗಿದೆಯೋ ಮುಳ್ಳುಮುಳ್ಳಾಗಿದೆಯೋ ಎಂಬಂಥ ನೂರಾರು ಲಕ್ಷಣಗಳನ್ನು ಲೆಕ್ಕ ಹಾಕುತ್ತಾರೆ. ನೇಯ್ಗೆಯವರು ಬಟ್ಟೆಯನ್ನು ಬೆರಳಿನಲ್ಲಿ ಉಜ್ಜಿ ದಾರದ ಎಣಿಕೆ ಹೇಳುವ ಹಾಗೆ, ಗಂಟಿನ ‘ನೇಯ್ಗೆ’ಯನ್ನು ಅಂಕಿಯಲ್ಲಿ ಹಿಡಿಯುವ ಕೆಲಸ ಇದು. ಆಮೇಲೆ ಆಪರೇಷನ್ ಆದ ರೋಗಿಗಳ ಪೆಥಾಲಜಿ ವರದಿಯನ್ನು ಎದುರಿಗಿಟ್ಟು, ಯಾವ ಲಕ್ಷಣಗಳು ಕೂಡಿದರೆ ‘ಬೇರು’ ಎಂದು ಬರುತ್ತದೆ ಎಂದು ಯಂತ್ರಕ್ಕೆ ಕಲಿಸುತ್ತಾರೆ. ಡೀಪ್ ಲರ್ನಿಂಗ್ ಬಂದ ಮೇಲೆ ಲಕ್ಷಣಗಳನ್ನು ಮನುಷ್ಯ ಪಟ್ಟಿ ಮಾಡುವ ಕೆಲಸವೂ ತಪ್ಪಿತು, ಚಿತ್ರ ಕೊಟ್ಟರೆ ಯಂತ್ರವೇ ಹೆಕ್ಕಿಕೊಳ್ಳುತ್ತದೆ.

ಈ ಕ್ಷೇತ್ರಕ್ಕೆ ದೊಡ್ಡ ಹೆಸರು ತಂದ 2014ರ ಅಧ್ಯಯನದಲ್ಲಿ ಶ್ವಾಸಕೋಶ ಹಾಗೂ ತಲೆ-ಕತ್ತಿನ ಕ್ಯಾನ್ಸರಿನ 1019 ರೋಗಿಗಳ ಸಿಟಿಯಿಂದ 440 ಲಕ್ಷಣಗಳನ್ನು ತೆಗೆದು, ಯಾರು ಹೆಚ್ಚು ಕಾಲ ಬದುಕುತ್ತಾರೆಂದು ಊಹಿಸುವ ಸೂತ್ರ ಕಟ್ಟಿದ್ದರು. ಜಗತ್ತೇ ಮೆಚ್ಚಿತು. 2019ರಲ್ಲಿ ಇನ್ನೊಂದು ತಂಡ ಆ ಸೂತ್ರವನ್ನು ಬಿಚ್ಚಿ ನೋಡಿತು. ಚಿತ್ರದೊಳಗಿನ ಅಂಕಿಗಳನ್ನು ಇಸ್ಪೀಟೆಲೆ ಕಲಸಿದಂತೆ ಕಲಸಿಬಿಟ್ಟರೂ ಸೂತ್ರ ಮೊದಲಿನಷ್ಟೇ ಚೆನ್ನಾಗಿ ಕೆಲಸ ಮಾಡುತ್ತಿತ್ತು! ನೇಯ್ಗೆಯೇ ಅಳಿಸಿಹೋದ ಮೇಲೂ ಉತ್ತರ ಬದಲಾಗದಿದ್ದರೆ, ಸೂತ್ರ ಅಳೆಯುತ್ತಿದ್ದುದು ಹೆಚ್ಚಾಗಿ ಗಡ್ಡೆಯ ಗಾತ್ರವನ್ನೇ. ದೊಡ್ಡ ಗಡ್ಡೆ ಹೆಚ್ಚು ಅಪಾಯಕಾರಿ ಎಂಬುದು ಸ್ಕೇಲಿಗೂ ಗೊತ್ತಿರುವ ವಿಷಯ. ಬೇರಿನ ಪ್ರಶ್ನೆಯಲ್ಲಿ ಈ ಬಲೆ ಇನ್ನೂ ಹತ್ತಿರದಲ್ಲಿದೆ, ಏಕೆಂದರೆ ದೊಡ್ಡ, ಗಟ್ಟಿ ಗಂಟುಗಳೇ ಬೇರು ಬಿಟ್ಟವು ಎಂಬುದು ಬಹುಪಾಲು ನಿಜ. ಗಾತ್ರ ಮತ್ತು ಗಟ್ಟಿ ಭಾಗದ ಪಾಲು ಇವೆರಡನ್ನು ಪಕ್ಕಕ್ಕಿಟ್ಟ ಮೇಲೆ ಈ ಸಾಫ್ಟ್‌ವೇರ್ ಇನ್ನೇನನ್ನು ಸೇರಿಸುತ್ತದೆ ಎಂಬುದೇ ಅಸಲಿ ಪರೀಕ್ಷೆ. ಆ ಹೋಲಿಕೆಯನ್ನು ತೋರಿಸದ ಪ್ರಬಂಧವನ್ನು ನಾನು ಅರ್ಧ ಪ್ರಬಂಧವೆಂದೇ ಓದುತ್ತೇನೆ.

ಇನ್ನೊಂದು ತೊಡಕು ಸ್ಕ್ಯಾನಿನದ್ದೇ. ಗಂಟು 8 ಮಿ.ಮೀ., ಸ್ಲೈಸ್ 5 ಮಿ.ಮೀ. ದಪ್ಪ ಎಂದುಕೊಳ್ಳಿ. ಒಂದೆರಡು ಸ್ಲೈಸಿನಲ್ಲಿ ಗಂಟು ಮುಗಿದೇ ಹೋಗುತ್ತದೆ, ಅಂಚಿನ ಗಾಳಿಯೂ ಗಂಟೂ ಬೆರೆತು ಗಟ್ಟಿಯದ್ದೂ ಮಸುಕಾಗಿ ಕಾಣುತ್ತದೆ. ಅದೇ 1 ಮಿ.ಮೀ. ಸ್ಲೈಸಿನಲ್ಲಿ ಎಂಟು ಚಿತ್ರ ಸಿಗುತ್ತವೆ. ರೋಗಿ ಉಸಿರನ್ನು ಪೂರ್ತಿ ಎಳೆದಿದ್ದರೆ ಮಸುಕು ತೆಳುವಾಗುತ್ತದೆ, ಅರ್ಧ ಎಳೆದಿದ್ದರೆ ದಟ್ಟವಾಗುತ್ತದೆ. ಯಂತ್ರದ ಕಂಪನಿ, ಚಿತ್ರ ಕಟ್ಟುವ ಲೆಕ್ಕದ ಬಗೆ, ವಿಕಿರಣದ ಪ್ರಮಾಣ ಇವೆಲ್ಲವೂ ನೇಯ್ಗೆಯನ್ನು ಬದಲಿಸುತ್ತವೆ. ಒಂದೇ ಲಕ್ಷಣವನ್ನು ಬೇರೆ ಬೇರೆ ಸಾಫ್ಟ್‌ವೇರ್ ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತಿದ್ದ ಗೊಂದಲವನ್ನು ಸರಿಪಡಿಸಲು 25 ಸಂಶೋಧನಾ ತಂಡಗಳು ಕೂಡಿ, 2020ರಲ್ಲಿ 169 ಲಕ್ಷಣಗಳಿಗೆ ಒಪ್ಪಿತ ಅಳತೆ ಕೊಟ್ಟವು. ಲೆಕ್ಕ ಒಂದಾಯಿತು, ಸ್ಕ್ಯಾನ್ ಒಂದಾಗಲಿಲ್ಲ. ಶಾಂಘೈನ ಒಂದು ಆಸ್ಪತ್ರೆಯ ಯಂತ್ರದಲ್ಲಿ ಕಲಿತ ಮಾದರಿ ಹುಬ್ಬಳ್ಳಿಯ ಯಂತ್ರದ ಚಿತ್ರವನ್ನು ಅದೇ ಕಣ್ಣಿನಿಂದ ಓದುತ್ತದೆ ಎಂದು ನಂಬಲು ಕಾರಣ ಬೇಕು, ಅದನ್ನು ಅಲ್ಲಿಯೇ ಪರೀಕ್ಷಿಸಿ ತೋರಿಸಬೇಕು.

ಯಂತ್ರಕ್ಕೆ ಪಾಠ ಹೇಳುವ ಮೇಷ್ಟ್ರಲ್ಲೂ ಒಮ್ಮತವಿಲ್ಲ. ಇಲ್ಲಿ ಮೇಷ್ಟ್ರು ಎಂದರೆ ಪೆಥಾಲಜಿಸ್ಟ್. ಶ್ವಾಸಕೋಶವನ್ನು ಹೊರತೆಗೆದಾಗ ಅದು ಗಾಳಿ ಬಿಟ್ಟ ಬಲೂನಿನಂತೆ ಕುಸಿಯುತ್ತದೆ, ಕುಸಿದ ಗೂಡುಗಳ ಗೋಡೆಗಳು ಒಂದರ ಮೇಲೊಂದು ಬಿದ್ದು ಮೈಕ್ರೋಸ್ಕೋಪಿನಲ್ಲಿ ‘ಒಳನುಗ್ಗಿದ’ ಹಾಗೆ ಕಾಣಬಹುದು. ಎಲ್ಲಿ ಪಾಚಿ ಮುಗಿದು ಬೇರು ಶುರುವಾಯಿತು ಎಂಬುದರಲ್ಲಿ ಅನುಭವಿ ಪೆಥಾಲಜಿಸ್ಟ್‌ಗಳೇ ಬೇರೆಯಾಗುತ್ತಾರೆ, ಅದರಲ್ಲೂ 5 ಮಿಲಿಮೀಟರಿನ ಗಡಿಯಲ್ಲಿ.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು, ಈ ಮಾದರಿಗಳು ಯಾರನ್ನು ನೋಡಿ ಕಲಿತಿವೆ ಎಂಬುದು. ಪೆಥಾಲಜಿ ವರದಿ ಬೇಕಾದರೆ ಆಪರೇಷನ್ ಆಗಿರಬೇಕು. ಸರ್ಜನ್ ಅನುಮಾನಪಟ್ಟು ಕತ್ತರಿಸಿದ ಗಂಟುಗಳಷ್ಟೇ ಪಾಠಪುಸ್ತಕಕ್ಕೆ ಸೇರಿವೆ. ಕರಗಿಹೋದವು, ಹತ್ತು ವರ್ಷ ಹಾಗೇ ಕುಳಿತವು ಅದರಲ್ಲಿ ಇಲ್ಲ. ಒಂದು ಲೆಕ್ಕ ಮಾಡಿ ನೋಡೋಣ. ಬೇರು ಬಿಟ್ಟ 100ರಲ್ಲಿ 90ನ್ನು ಹಿಡಿಯುವ, ಬಿಡದ 100ರಲ್ಲಿ 90ನ್ನು ಸರಿಯಾಗಿ ಬಿಡುವ ಮಾದರಿಯೊಂದಿದೆ ಎನ್ನಿ. ಆಪರೇಷನ್ ಆದ 100 ಗಂಟುಗಳಲ್ಲಿ 60 ಬೇರು ಬಿಟ್ಟಿದ್ದರೆ, ‘ಬೇರಿದೆ’ ಎಂದು ಅದು ಹೇಳುವ 58ರಲ್ಲಿ 54 ನಿಜ. ಈಗ ಅದನ್ನೇ ಸ್ಕ್ರೀನಿಂಗಿನಲ್ಲಿ ಸಿಕ್ಕ 1000 ಮಸುಕು ಗಂಟುಗಳ ಮೇಲೆ ಬಿಡಿ, ಅವುಗಳಲ್ಲಿ ಬೇರು ಬಿಟ್ಟದ್ದು 10 ಮಾತ್ರ ಎಂದುಕೊಳ್ಳಿ. ನಿಜವಾದ 9ನ್ನು ಹಿಡಿಯುತ್ತದೆ, ಜೊತೆಗೆ 99 ಜನರಿಗೆ ಇಲ್ಲದ ಬೇರನ್ನು ತೋರಿಸುತ್ತದೆ. ಯಂತ್ರ ಬದಲಾಗಲಿಲ್ಲ, ಎದುರಿಗೆ ಕೂತ ಜನ ಬದಲಾದರು.

ನೂರಕ್ಕೆ ಒಂದು ಎಂಬುದನ್ನು ನಾನು ಗಾಳಿಯಲ್ಲಿ ಎತ್ತಿಕೊಂಡದ್ದಲ್ಲ. ಜಪಾನಿನ ಎಂಟು ಆಸ್ಪತ್ರೆಗಳು 795 ಜನರ 1229 ಮಸುಕು ಗಂಟುಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ 2016ರಲ್ಲಿ ವರದಿ ಮಾಡಿದವು. ಬೇರು ಬಿಟ್ಟ ಅಡಿನೋಕಾರ್ಸಿನೋಮಾ ಎಂದು ಸಾಬೀತಾದದ್ದು ಒಟ್ಟು ಗಂಟುಗಳಲ್ಲಿ 1 ಶೇಕಡಾ, ಅವೂ ಗಟ್ಟಿ ಭಾಗ ಕಾಣಿಸಿಕೊಂಡ ಗಂಟುಗಳಲ್ಲಿ ಮಾತ್ರ. ಪೂರ್ತಿ ಮಸುಕಿನ 1046ರಲ್ಲಿ ಗಟ್ಟಿ ಭಾಗ ಬೆಳೆಸಿಕೊಂಡವು 56, ಅದಕ್ಕೆ ಹಿಡಿದ ಸಮಯ ಸರಾಸರಿ 3.8 ವರ್ಷ. ಇದು ಆನೆ ನಡಿಗೆ. ಫ್ಲೈಷ್ನರ್ ಸೊಸೈಟಿಯ 2017ರ ಸೂಚನೆಯೂ ಇದೇ ದಾರಿಯಲ್ಲಿದೆ. 6 ಮಿ.ಮೀ. ಅಥವಾ ಅದಕ್ಕೂ ದೊಡ್ಡ ಪೂರ್ತಿ ಮಸುಕು ಗಂಟಿಗೆ 6ರಿಂದ 12 ತಿಂಗಳಲ್ಲಿ ಒಂದು ಸ್ಕ್ಯಾನ್, ಆಮೇಲೆ ಎರಡು ವರ್ಷಕ್ಕೊಮ್ಮೆ, ಹೀಗೆ ಐದು ವರ್ಷ. ಗಟ್ಟಿ ಭಾಗವಿದ್ದರೆ 3ರಿಂದ 6 ತಿಂಗಳಲ್ಲೇ ನೋಡಬೇಕು, ಆ ಭಾಗ 6 ಮಿ.ಮೀ. ಮುಟ್ಟಿದರೆ ಅನುಮಾನ ಬಲವಾಗುತ್ತದೆ.

ಹಾಗಾದರೆ ಸಾಫ್ಟ್‌ವೇರ್‌ಗೆ ಯಾವ ಕೆಲಸ ಒಪ್ಪಿಸಬೇಕು? ಆಪರೇಷನ್ ನಡೆಯುವಾಗಲೇ ತುಂಡನ್ನು ಹೆಪ್ಪುಗಟ್ಟಿಸಿ ಮೈಕ್ರೋಸ್ಕೋಪಿನಲ್ಲಿ ನೋಡುವ ಫ್ರೋಜನ್ ಸೆಕ್ಷನ್ ಪದ್ಧತಿ ಇದೆ. ಶಾಂಘೈನ ಫುದಾನ್ ವಿಶ್ವವಿದ್ಯಾಲಯದ ಕ್ಯಾನ್ಸರ್ ಆಸ್ಪತ್ರೆಯ ಸರ್ಜನ್‌ಗಳು 803 ರೋಗಿಗಳ ಮಾಹಿತಿಯನ್ನು 2016ರಲ್ಲಿ ಪ್ರಕಟಿಸಿದರು. ‘ಬೇರು ಬಿಟ್ಟದ್ದು’ ಮತ್ತು ‘ಅದಕ್ಕಿಂತ ಹಿಂದಿನ ಹಂತ’ ಎಂಬ ಎರಡೇ ಗುಂಪು ಮಾಡಿದರೆ, ಥಿಯೇಟರಿನ ತುರ್ತು ವರದಿ ಅಂತಿಮ ವರದಿಗೆ ಸುಮಾರು 96 ಶೇಕಡಾ ಹೊಂದಿತ್ತು. ಎಷ್ಟು ಕತ್ತರಿಸಬೇಕು ಎಂಬ ಪ್ರಶ್ನೆಗೆ ಹೀಗೆ ಇನ್ನೊಂದು ಗಟ್ಟಿ ಉತ್ತರ ಆಗಲೇ ಇದೆ. ಆದರೆ ಅದು ಸಿಗುವುದು ಎದೆ ತೆರೆದ ಮೇಲೆ. ಅದಕ್ಕೂ ಮೊದಲಿನ ಪ್ರಶ್ನೆ, ‘ಈಗಲೇ ಮೇಜು ಹತ್ತಬೇಕೇ, ಇನ್ನೂ ಒಂದು ವರ್ಷ ಕಾಯಬಹುದೇ’ ಎಂಬುದು. ಚಿತ್ರ ವಿಶ್ಲೇಷಣೆ ನಿಜಕ್ಕೂ ನೆರವಾಗಬೇಕಾದ ಜಾಗ ಇದು. ಎರಡು ಸ್ಕ್ಯಾನ್‌ಗಳನ್ನು ಪಕ್ಕಪಕ್ಕ ಇಟ್ಟು ಬೆಳವಣಿಗೆ ಅಳೆಯುವುದರಲ್ಲಿ ಕಂಪ್ಯೂಟರ್ ಕೈಗಿಂತ ಖಂಡಿತ ಮೇಲು. 10 ಮಿ.ಮೀ. ಗಂಟು 12 ಆಯಿತು ಎಂದರೆ ಕಿವಿಗೆ ಚಿಕ್ಕದೆನಿಸುತ್ತದೆ, ಘನಗಾತ್ರದಲ್ಲಿ ಅದು 73 ಶೇಕಡಾ ಹೆಚ್ಚಳ. ಅಗಲ ಅಷ್ಟೇ ಇದ್ದು ಸಾಂದ್ರತೆ ಮಾತ್ರ ಏರಿದ್ದರೆ ಕಣ್ಣಿಗೆ ತಪ್ಪಬಹುದು. ಗಾತ್ರ ಮತ್ತು ಸಾಂದ್ರತೆಯನ್ನು ಗುಣಿಸಿ ಗಂಟಿನ ‘ತೂಕ’ ಲೆಕ್ಕ ಹಾಕುವ ಸಾಫ್ಟ್‌ವೇರ್‌ಗೆ ತಪ್ಪುವುದಿಲ್ಲ. 0.25ರ ಗೆರೆಯೊಳಗಿನ ಗಂಟುಗಳಿಗೆ ಆಪರೇಷನ್ನನ್ನೇ ಮುಂದೂಡಿ ಕಾದು ನೋಡುವ ಪ್ರಯೋಗವನ್ನೂ ಜಪಾನಿನವರು ಈಗ ಕೈಗೆತ್ತಿಕೊಂಡಿದ್ದಾರೆ.

ಕಾಯುವುದನ್ನು ಕಲಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ತೈವಾನ್ ಕಣ್ಣೆದುರಿಗಿದೆ. ಅಲ್ಲಿ ಧೂಮಪಾನ ಮಾಡದ ಹೆಂಗಸರೂ ಎದೆಯ ಸಿಟಿ ಮಾಡಿಸಿಕೊಳ್ಳುವುದು ವ್ಯಾಪಕವಾಯಿತು. 2004ರಿಂದ 2018ರ ನಡುವೆ ಹೆಂಗಸರಲ್ಲಿ ಮೊದಲ ಹಂತದ ಶ್ವಾಸಕೋಶದ ಕ್ಯಾನ್ಸರ್ ಪತ್ತೆ ಆರು ಪಟ್ಟು ಏರಿತು. ಬೇಗ ಹಿಡಿದರೆ ಕೊನೆಯ ಹಂತದವರ ಸಂಖ್ಯೆ ಇಳಿಯಬೇಕಿತ್ತು, ಇಳಿಯಲಿಲ್ಲ. ಪತ್ತೆಯಾದವುಗಳಲ್ಲಿ ಬಹಳಷ್ಟು ಆ ಹೆಂಗಸರನ್ನು ಎಂದೂ ಕಾಡದೆ ಇರಬಹುದಾಗಿದ್ದ ಪಾಚಿ. ಸ್ಕ್ಯಾನಿಂಗೇ ತಪ್ಪು ಎಂದು ಇದರ ಅರ್ಥವಲ್ಲ. ಅಮೆರಿಕದಲ್ಲಿ 53 ಸಾವಿರಕ್ಕೂ ಹೆಚ್ಚು ಭಾರಿ ಧೂಮಪಾನಿಗಳ ಮೇಲೆ ನಡೆದ ಪ್ರಯೋಗ, ಕಡಿಮೆ ವಿಕಿರಣದ ಸಿಟಿಯಿಂದ ಶ್ವಾಸಕೋಶದ ಕ್ಯಾನ್ಸರ್ ಸಾವು 20 ಶೇಕಡಾ ಇಳಿಯುತ್ತದೆ ಎಂದು 2011ರಲ್ಲಿ ತೋರಿಸಿತು. ಯಾರ ಎದೆಯಲ್ಲಿ ಹುಡುಕುತ್ತೇವೆ ಎಂಬುದರ ಮೇಲೆ ಸಿಕ್ಕದ್ದರ ಅರ್ಥ ನಿಂತಿದೆ.

ನಮ್ಮ ದೇಶದ ಸಂಕಟ ಇದಕ್ಕೆ ಪೂರ್ತಿ ತಿರುಗುಮುರುಗು. ವರ್ಷಕ್ಕೆ ಸುಮಾರು 80 ಸಾವಿರ ಹೊಸ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಲ್ಲಿ ಬಹುಪಾಲು ಜನ ಆಸ್ಪತ್ರೆಗೆ ಬರುವಾಗಲೇ ಮೂರನೇ ಇಲ್ಲವೇ ನಾಲ್ಕನೇ ಹಂತದಲ್ಲಿರುತ್ತಾರೆ. ಸರ್ಕಾರಿ ಕ್ಯಾನ್ಸರ್ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠ ಇವೆ, ಶ್ವಾಸಕೋಶ ಇಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ಕಾಲು ಭಾಗ ನಮ್ಮಲ್ಲೇ ಇರುವುದರಿಂದ ಎದೆಯಲ್ಲಿ ಗಂಟು ಕಂಡರೆ ಮೊದಲ ಅನುಮಾನ ಟಿಬಿ, ಎಷ್ಟೋ ಸಲ ಆ ಅನುಮಾನ ಸರಿಯೂ ಹೌದು. ಕ್ಷಯದ ಹಳೆಯ ಕಲೆ, ಗಂಟುಗಳು ತುಂಬಿದ ಇಂಥ ಶ್ವಾಸಕೋಶಗಳನ್ನು ಟೋಕಿಯೋ, ಬೋಸ್ಟನ್ನಿನ ಚಿತ್ರಗಳಲ್ಲಿ ಕಲಿತ ಮಾದರಿ ಹೆಚ್ಚು ಕಂಡಿರುವುದಿಲ್ಲ. ಕ್ಯಾನ್ಸರಿಗೆ ಟಿಬಿ ಮಾತ್ರೆ ನುಂಗಿಸಿ ತಿಂಗಳುಗಳನ್ನು ಕಳೆಯುವುದೂ, ಟಿಬಿ ಗಂಟಿಗೆ ಎದೆ ತೆರೆಯುವುದೂ ಎರಡೂ ಅನ್ಯಾಯವೇ. ಆದ್ದರಿಂದ ಕಿದ್ವಾಯಿಯಂಥ ನಮ್ಮ ಸಂಸ್ಥೆಗಳ ಚಿತ್ರ ಮತ್ತು ಪೆಥಾಲಜಿಯನ್ನು ಜೋಡಿಸಿದ, ಕ್ಷಯದ ಗಂಟುಗಳನ್ನೂ ಒಳಗೊಂಡ ಸಂಗ್ರಹ ಇಲ್ಲಿಯೇ ಬೆಳೆಯಬೇಕು. ಅದಾಗುವ ತನಕ ಹೊರಗಿನ ಸಾಫ್ಟ್‌ವೇರ್ ಕೊಡುವ ಶೇಕಡಾವಾರನ್ನು ಎರಡನೇ ಅಭಿಪ್ರಾಯವಾಗಿ ಇಟ್ಟುಕೊಳ್ಳಬಹುದು, ತೀರ್ಪಾಗಿ ಅಲ್ಲ.

ವರದಿಯಲ್ಲಿ ಗಂಟು ಎಂದು ಬರೆದಿರುವವರು ತಮ್ಮ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಗಂಟು ಪೂರ್ತಿ ಮಸುಕೋ, ಒಳಗೆ ಗಟ್ಟಿ ಭಾಗವಿದೆಯೋ? ಗಟ್ಟಿ ಭಾಗ ಎಷ್ಟು ಮಿಲಿಮೀಟರ್? ಸ್ಲೈಸ್ 1 ಮಿ.ಮೀ. ಆಸುಪಾಸಿನದ್ದೋ, 5ರದ್ದೋ? ಮುಂದಿನ ಸ್ಕ್ಯಾನ್ ಎಂದು, ಅದೇ ಸೆಂಟರಿನಲ್ಲಿ ಅದೇ ಬಗೆಯಲ್ಲಿ ಮಾಡಿಸಬಹುದೇ? ಸ್ಕ್ಯಾನ್ ಸೆಂಟರಿನವರು ಕೊಡುವ ಕಪ್ಪು ಫಿಲ್ಮ್ ಈ ಅಳತೆಗಳಿಗೆ ಸಾಲದು. ಸಿಡಿ ಅಥವಾ ಪೆನ್‌ಡ್ರೈವ್‌ನಲ್ಲಿ ಡೈಕಾಂ ಫೈಲನ್ನೇ ಕೇಳಿ ತೆಗೆದುಕೊಳ್ಳಬೇಕು, ಸ್ಲೈಸಿನ ಅಂಕಿಗಳೆಲ್ಲ ಇರುವುದು ಅದರಲ್ಲಿ. ಬೀರುವಿನ ಮೇಲೆ ಧೂಳು ತಿನ್ನುತ್ತಿರುವ 2021ರ ಕೋವಿಡ್ ಎಚ್‌ಆರ್‌ಸಿಟಿ ಸಿಡಿಯನ್ನೂ ಹುಡುಕಿ ಇಟ್ಟುಕೊಳ್ಳಿ. ಇವತ್ತು ಕಂಡ ಗಂಟು ಆಗಲೂ ಇಷ್ಟೇ ಗಾತ್ರದಲ್ಲಿ, ಇಷ್ಟೇ ಮಸುಕಾಗಿ ಅಲ್ಲಿತ್ತೇ ಎಂಬುದನ್ನು ರೇಡಿಯಾಲಜಿಸ್ಟ್ ಅದರಿಂದ ಐದು ನಿಮಿಷದಲ್ಲಿ ಹೇಳಬಲ್ಲರು.